ಬೀದಿ ಬೆಕ್ಕುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಬೀದಿ ಬೆಕ್ಕುಗಳಿಗೆ ಊಟ ಹಾಕುವವರು ಕೇಳುವ ಪ್ರಶ್ನೆಗಳೂ, ಅವುಗಳಿಂದ ರೋಸಿಹೋದವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಇಲ್ಲಿ ಇಬ್ಬರಿಗೂ ಉತ್ತರ ಇದೆ. ಮನೆಯ ಸಾಕು ಬೆಕ್ಕಿನ ವಿಷಯ ಬೇರೆ. ಇದು ಬೇಸ್‌ಮೆಂಟ್, ಮೀನಂಗಡಿ, ಹೋಟೆಲ್ ಹಿತ್ತಲು, ಖಾಲಿ ಸೈಟುಗಳಲ್ಲಿ ಹುಟ್ಟಿ ಅಲ್ಲೇ ಬೆಳೆದ, ಮುಟ್ಟಲು ಹೋದರೆ ಓಡುವ ಬೆಕ್ಕುಗಳ ಮಾತು.

ಎರಡು ಬೆಕ್ಕು ಇತ್ತು, ವರ್ಷ ಕಳೆಯುವುದರೊಳಗೆ ಬೀದಿ ತುಂಬಾ ಬೆಕ್ಕು. ಹೇಗೆ?

ಹೆಣ್ಣು ಬೆಕ್ಕು 4–5 ತಿಂಗಳಿಗೇ ಬೆದೆಗೆ ಬರಬಹುದು. ಅಂದರೆ ನಾವಿನ್ನೂ ಮರಿ ಅಂದುಕೊಂಡಿರುವಾಗಲೇ ಅದು ಗಬ್ಬ ಆಗಿರುತ್ತದೆ. 63–65 ದಿನಕ್ಕೆ ಮರಿ ಹಾಕುತ್ತದೆ, ಸಾಮಾನ್ಯವಾಗಿ ಮೂರರಿಂದ ಐದು. ಆ ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು. ಚಳಿ ದೇಶಗಳಲ್ಲಿ ಹಗಲು ಚಿಕ್ಕದಾಗುವ ತಿಂಗಳುಗಳಲ್ಲಿ ಬೆಕ್ಕುಗಳ ಬೆದೆ ನಿಲ್ಲುತ್ತದೆ. ನಮ್ಮಲ್ಲಿ ಹಗಲಿನ ಉದ್ದ ಅಷ್ಟೇನೂ ಬದಲಾಗುವುದಿಲ್ಲ, ಹಾಗಾಗಿ ವರ್ಷವಿಡೀ ಮರಿಗಳು ಹುಟ್ಟುತ್ತಲೇ ಇರುತ್ತವೆ.

ಹುಟ್ಟಿದ್ದೆಲ್ಲಾ ಉಳಿಯುವುದಿಲ್ಲ ಅನ್ನುವುದನ್ನೂ ಹೇಳಬೇಕು. ಗಾಡಿ, ನಾಯಿ, ಮೊದಲ ಮಳೆಗೆ ಉಕ್ಕುವ ಚರಂಡಿ, ವೈರಸ್ ಕಾಯಿಲೆ, ಇವೆಲ್ಲಾ ಸೇರಿ ಬಹಳಷ್ಟು ಮರಿಗಳನ್ನು ಮುಗಿಸುತ್ತವೆ. ನಮ್ಮ ಕಣ್ಣಿಗೆ ಬೀಳುವುದು ಉಳಿದವು ಮಾತ್ರ. ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ ಅಂತ ನಾವು ಇಷ್ಟು ಹೇಳುವುದು ಜನರಿಗೆ ಕಾಟ ಕಡಿಮೆಯಾಗಲಿ ಅಂತಷ್ಟೇ ಅಲ್ಲ, ಹೀಗೆ ಸಾಯಲೆಂದೇ ಹುಟ್ಟುವ ಮರಿಗಳು ಕಡಿಮೆಯಾಗಲಿ ಅಂತ.

ಹಿಡಿದು ದೂರ ಎಲ್ಲಾದರೂ ಬಿಟ್ಟು ಬಂದರೆ ಆಗಲ್ವಾ?

ದಯವಿಟ್ಟು ಬೇಡ. ಬೆಕ್ಕಿಗೆ ತನ್ನ ಜಾಗವೇ ಜೀವ. ಎಲ್ಲಿ ಊಟ ಸಿಗುತ್ತದೆ, ಯಾವ ಗೋಡೆ ಹತ್ತಿದರೆ ನಾಯಿಯಿಂದ ತಪ್ಪಿಸಿಕೊಳ್ಳಬಹುದು, ಮಳೆ ಬಂದಾಗ ಎಲ್ಲಿ ಅಡಗಬೇಕು, ಎಲ್ಲಾ ಅದಕ್ಕೆ ಗೊತ್ತಿರುವುದು ಅಲ್ಲಿ ಮಾತ್ರ. ಗೋಣಿಚೀಲದಲ್ಲಿ ಕಟ್ಟಿ ಹತ್ತು ಕಿಲೋಮೀಟರ್ ಆಚೆ ಬಿಟ್ಟರೆ ಅಲ್ಲಿನ ಗಂಡು ಬೆಕ್ಕುಗಳು ಅಟ್ಟುತ್ತವೆ, ವಾಪಸ್ ಬರಲು ಹೊರಟು ರಸ್ತೆ ದಾಟುವಾಗ ಸಾಯುತ್ತದೆ, ಇಲ್ಲವೇ ಹಸಿವಿನಿಂದ ಸಾಯುತ್ತದೆ. ಹಸಿವು, ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ಇಷ್ಟೆಲ್ಲಾ ಮಾಡಿಯೂ ನಿಮ್ಮ ಬೀದಿಯ ಸಮಸ್ಯೆ ತೀರುವುದಿಲ್ಲ. ಬೆಕ್ಕುಗಳು ಬಂದಿದ್ದೇ ಕೋಳಿ ಅಂಗಡಿಯ ಕಸಕ್ಕೆ, ಹೋಟೆಲ್ ಹಿಂದಿನ ಇಲಿಗಳಿಗೆ. ಅದು ಅಲ್ಲೇ ಇದೆ, ಜಾಗ ಖಾಲಿ ಇದೆ. ಪಕ್ಕದ ಬೀದಿಯಿಂದ ಬೇರೆ ಬೆಕ್ಕುಗಳು ಬರುತ್ತವೆ, ಆಪರೇಷನ್ ಆಗದವು, ಮತ್ತೆ ಮರಿ ಹಾಕುವವು.

ಹಾಗಾದರೆ ಆಪರೇಷನ್ ಮಾಡಿಸಿ ಮತ್ತೆ ಅದೇ ಜಾಗದಲ್ಲಿ ಬಿಡುವುದರಿಂದ ಏನು ಪ್ರಯೋಜನ?

ಮರಿ ಹುಟ್ಟುವುದು ನಿಲ್ಲುತ್ತದೆ. ಜೊತೆಗೆ ರಾತ್ರಿ ಮಗು ಅತ್ತ ಹಾಗೆ ಕೇಳುವ ಆ ಕೂಗು ನಿಲ್ಲುತ್ತದೆ. ಗಂಡುಗಳ ಕಾದಾಟ ಕಡಿಮೆಯಾಗುತ್ತದೆ, ಗೇಟು, ಬೈಕ್ ಸೀಟಿನ ಮೇಲೆ ಮೂತ್ರ ಚಿಮ್ಮಿಸುವುದೂ ಆ ಘಾಟು ವಾಸನೆಯೂ ತಗ್ಗುತ್ತವೆ. ಹೆಣ್ಣು ಬೆಕ್ಕಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುವುದಿಲ್ಲ. ತನ್ನ ಜಾಗ ಹಿಡಿದುಕೊಂಡೇ ಇರುವುದರಿಂದ ಹೊಸ ಬೆಕ್ಕುಗಳು ಅಷ್ಟು ಸುಲಭವಾಗಿ ಒಳಗೆ ಬರುವುದಿಲ್ಲ.

ಆದರೆ ಒಂದು ಷರತ್ತು. ಅಲ್ಲಿರುವ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಕಡಿಮೆ ಸಮಯದಲ್ಲಿ ಆಪರೇಷನ್ ಆಗಬೇಕು. ಹತ್ತರಲ್ಲಿ ಮೂರಕ್ಕೆ ಮಾಡಿಸಿ ಉಳಿದದ್ದು ಮುಂದಿನ ವರ್ಷ ಅಂದರೆ ಸಂಖ್ಯೆ ಇಳಿಯುವುದಿಲ್ಲ. ಇಡೀ ನಗರವನ್ನು ತಲೆಗೆ ಹಾಕಿಕೊಳ್ಳಬೇಡಿ. ಒಂದು ಬೀದಿ, ಒಂದು ಅಪಾರ್ಟ್‌ಮೆಂಟ್ ಹಿಡಿದು ಅದನ್ನು ಪೂರ್ತಿ ಮುಗಿಸಿ.

ಯಾವ ಬೆಕ್ಕಿಗೆ ಮೊದಲು?

ಹೆಣ್ಣಿಗೆ. ದುಡ್ಡು, ಸಮಯ ಕಡಿಮೆ ಇದ್ದರಂತೂ ಹೆಣ್ಣಿಗೆ ಮಾತ್ರ. ದೂರದಿಂದ ಗುರುತಿಸುವುದು ಕಷ್ಟ, ಆದರೆ ಕಪ್ಪು, ಕಿತ್ತಳೆ, ಬಿಳಿ ಮೂರೂ ಬಣ್ಣ ಇರುವ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಕಿತ್ತಳೆ ಬಣ್ಣದ ಜೀನ್, ಹೆಣ್ಣಿಗೆ ಎರಡು, ಗಂಡಿಗೆ ಒಂದೇ ಇರುವ ಎಕ್ಸ್ ಕ್ರೋಮೋಸೋಮ್ ಮೇಲೆ ಇರುವುದು ಅದಕ್ಕೆ ಕಾರಣ. ಪೂರ್ತಿ ಕಿತ್ತಳೆ ಇದ್ದರೆ ಗಂಡಿರುವ ಸಾಧ್ಯತೆ ಜಾಸ್ತಿ. ತಲೆ ದಪ್ಪ, ಕೆನ್ನೆ ಊದಿದಂತೆ ಕಂಡರೆ ಅದು ವಯಸ್ಸಿಗೆ ಬಂದ ಗಂಡು.

ಹಾಲೂಡುತ್ತಿರುವ ತಾಯಿಯಾದರೆ ಮರಿಗಳು ತಾವೇ ತಿನ್ನಲು ಕಲಿಯುವವರೆಗೆ, ಅಂದರೆ 5–6 ವಾರ, ಕಾಯುವುದು ಒಳ್ಳೆಯದು. ಅದಕ್ಕಿಂತ ಹೆಚ್ಚು ಕಾಯಬೇಡಿ, ಅಷ್ಟರಲ್ಲಿ ಮತ್ತೆ ಗಬ್ಬ ಆಗಿರುತ್ತದೆ.

ಕೈಗೇ ಸಿಗದ ಬೆಕ್ಕನ್ನು ಹಿಡಿಯುವುದು ಹೇಗೆ?

ಈ ಕೆಲಸಕ್ಕೆ ಎಲ್ಲರಿಗಿಂತ ಯೋಗ್ಯರು ದಿನಾ ಊಟ ಹಾಕುವವರು. ಎನ್‌ಜಿಒದವರು ಬಂದು ಹಿಡಿಯಲಿ ಅಂತ ತುಂಬಾ ಜನ ಕಾಯುತ್ತಾರೆ. ಆದರೆ ಹೊರಗಿನವರು ಬಂದ ಕೂಡಲೇ ಬೆಕ್ಕುಗಳು ಮಾಯವಾಗುತ್ತವೆ. ನಿಮ್ಮ ಗಾಡಿಯ ಸದ್ದು ಕೇಳಿ ಓಡಿಬರುವ ಬೆಕ್ಕು ನಿಮ್ಮ ಬೋನಿಗೆ ಬೀಳುವಷ್ಟು ಸುಲಭವಾಗಿ ಬೇರೆಯವರ ಬೋನಿಗೆ ಬೀಳುವುದಿಲ್ಲ.

ಮೊದಲು ಡಾಕ್ಟರ ಹತ್ತಿರ ದಿನ ಗೊತ್ತು ಮಾಡಿಕೊಳ್ಳಿ, ಆಮೇಲೆ ಹಿಡಿಯಿರಿ. ಹಿಡಿದ ಮೇಲೆ ಆಸ್ಪತ್ರೆ ಹುಡುಕಲು ಹೊರಟರೆ ಬೆಕ್ಕು ಬೋನಿನೊಳಗೇ ದಿನಗಟ್ಟಲೆ ಒದ್ದಾಡಬೇಕಾಗುತ್ತದೆ. ಒಂದೆರಡು ವಾರ ಮೊದಲಿನಿಂದಲೇ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟ ಹಾಕಿ. ತಟ್ಟೆ ಇಟ್ಟೇ ಹೋಗಬೇಡಿ, ಅರ್ಧ ಗಂಟೆಯಲ್ಲಿ ತೆಗೆದುಬಿಡಿ. ಆಗ ಎಷ್ಟು ಬೆಕ್ಕು ಬರುತ್ತವೆ, ಯಾವುದು ಗಬ್ಬ ಆಗಿದೆ, ಯಾವುದು ಕುಂಟುತ್ತಿದೆ ಎಲ್ಲಾ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಒಂದೊಂದರ ಫೋಟೋ ತೆಗೆದಿಟ್ಟುಕೊಳ್ಳಿ.

ಬೋನಿನ ಬಾಗಿಲನ್ನು ತಂತಿಯಿಂದ ತೆರೆದೇ ಕಟ್ಟಿ, ಕೆಲವು ದಿನ ಅದರೊಳಗೇ ಊಟ ಇಡಿ. ಬೆಕ್ಕುಗಳು ಒಳಗೆ ಹೋಗಿ ಬಂದು ಮಾಡಿ ಹೆದರಿಕೆ ಬಿಡುತ್ತವೆ. ಹಿಡಿಯುವ ದಿನ ಹೊರಗೆ ಎಲ್ಲೂ ಊಟ ಇರಬಾರದು. ಇದನ್ನು ಊಟ ಹಾಕುವ ಇತರರಿಗೂ, ವಾಚ್‌ಮನ್‌ಗೂ, ಮೀನಂಗಡಿಯವರಿಗೂ ಮೊದಲೇ ಹೇಳಿರಬೇಕು. ಇಲ್ಲವಾದರೆ ಎದುರುಮನೆ ಆಂಟಿ ಪಾಪ ಅಂತ ಒಂದು ತಟ್ಟೆ ಅನ್ನ ಇಟ್ಟುಬಿಡುತ್ತಾರೆ, ಅಲ್ಲಿಗೆ ಆ ದಿನದ ಕೆಲಸ ಕೆಟ್ಟಂತೆ. ವಾಸನೆ ಜೋರಾಗಿರುವ ಬೂತಾಯಿ, ಬಂಗುಡೆ ಬೇಯಿಸಿ ಸ್ವಲ್ಪವೇ ಸ್ವಲ್ಪ, ಬೋನಿನ ಕೊನೆಯಲ್ಲಿ ಇಡಿ. ದೊಡ್ಡ ಬೆಕ್ಕಿಗೆ ಸಾಮಾನ್ಯವಾಗಿ ಆಪರೇಷನ್‌ಗೆ 8ರಿಂದ 12 ಗಂಟೆ ಮೊದಲು ಊಟ ನಿಲ್ಲಿಸಲು ಹೇಳುತ್ತಾರೆ, ಅದಕ್ಕೇ ಹಿಂದಿನ ಸಂಜೆ ಹಿಡಿಯುವುದು ಅನುಕೂಲ. ಮರಿಗಳನ್ನು ಅಷ್ಟು ಹೊತ್ತು ಉಪವಾಸ ಇಡಬಾರದು, ಡಾಕ್ಟರನ್ನೇ ಕೇಳಿ.

ಬಾಗಿಲು ಬಿದ್ದ ಕ್ಷಣವೇ ಬೋನಿನ ಮೇಲೆ ಹಳೆಯ ಬೆಡ್‌ಶೀಟ್ ಹಾಕಿ ಪೂರ್ತಿ ಮುಚ್ಚಿ. ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ, ತೆರೆದಿಟ್ಟರೆ ಮೂಗು ಗೀರಿಕೊಂಡು ರಕ್ತ ಮಾಡಿಕೊಳ್ಳುತ್ತದೆ. ಒಂದು ಬೋನಿಗೆ ಒಂದೇ ಬೆಕ್ಕು. ಬೋನು ಇಟ್ಟು ಮನೆಗೆ ಹೋಗಬೇಡಿ, ಕಾಣುವಷ್ಟು ದೂರದಲ್ಲಿ ಕೂತಿರಿ. ಮಧ್ಯಾಹ್ನದ ಬಿಸಿಲಲ್ಲಿ, ಜೋರು ಮಳೆಯಲ್ಲಿ ಬೇಡ. ಪಾಪ ಅನ್ನಿಸಿ ಮನೆಯೊಳಗೆ ಬೋನಿನ ಬಾಗಿಲು ತೆರೆಯಲೇಬೇಡಿ. ಬರಿಗೈಯಲ್ಲಿ ಹಿಡಿಯುವುದು, ಗೋಣಿಚೀಲಕ್ಕೆ ತುಂಬುವುದು, ಬಲೆ ಬೀಸಿ ಎಳೆಯುವುದು ಯಾವುದೂ ಕೂಡದು. ಬೆಕ್ಕಿಗೂ ಅಪಾಯ, ನಿಮಗೂ ಅಪಾಯ.

ಎಲ್ಲಿ ಮಾಡಿಸುವುದು? ಖರ್ಚು ಎಷ್ಟು?

ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. 1991ರಲ್ಲಿ ಶುರುವಾದ ಕ್ಯೂಪಾದಂಥ ಪ್ರಾಣಿ ದಯಾ ಸಂಸ್ಥೆಗಳಿವೆ. ಮಂಗಳೂರಿನವರಿಗೆ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಇದೆ. ಎಲ್ಲಿಗೇ ಆದರೂ ಫೋನ್ ಮಾಡಿ ಕೇಳಿಯೇ ಹೋಗಿ, ಬೀದಿ ಬೆಕ್ಕಿಗೆ ಯಾವ ದಿನ, ಎಷ್ಟು ಜಾಗ ಅನ್ನುವುದು ಬದಲಾಗುತ್ತಿರುತ್ತದೆ. ಖಾಸಗಿ ಕ್ಲಿನಿಕ್‌ಗಳಲ್ಲಿ ಹೆಣ್ಣಿಗೆ ಗಂಡಿಗಿಂತ ಖರ್ಚು ಜಾಸ್ತಿ. ಬೀದಿ ಬೆಕ್ಕು ಅಂತ ಹೇಳಿದರೆ, ಒಟ್ಟಿಗೆ ನಾಲ್ಕೈದು ತರುತ್ತೇನೆ ಅಂದರೆ ಕಡಿಮೆ ಮಾಡುವ ಡಾಕ್ಟರುಗಳು ಇದ್ದಾರೆ. ಕೇಳಲು ಸಂಕೋಚ ಬೇಡ.

ದರಕ್ಕಿಂತ ಮುಖ್ಯವಾಗಿ ಇವನ್ನು ವಿಚಾರಿಸಿ. ಕೈಗೆ ಸಿಗದ ಬೆಕ್ಕಿಗೆ ಬೋನಿನಲ್ಲಿರುವಾಗಲೇ ಅರಿವಳಿಕೆ ಕೊಡುತ್ತಾರಾ? ತಾನೇ ಕರಗುವ ಹೊಲಿಗೆ ಹಾಕುತ್ತಾರಾ? (ಹೊಲಿಗೆ ಬಿಚ್ಚಿಸಲು ಆ ಬೆಕ್ಕನ್ನು ಮತ್ತೆ ಹಿಡಿಯುವುದು ಆಗದ ಮಾತು.) ಅದೇ ದಿನ ರೇಬೀಸ್ ಲಸಿಕೆ ಹಾಕಿ, ಕಿವಿಗೆ ಗುರುತು ಮಾಡುತ್ತಾರಾ? ಎಷ್ಟು ದಿನ ಅಲ್ಲೇ ಇಟ್ಟುಕೊಳ್ಳುತ್ತಾರೆ?

ಕಿವಿ ಕತ್ತರಿಸುವುದು ಕ್ರೂರ ಅಲ್ವಾ?

ಅರಿವಳಿಕೆಯಲ್ಲಿ ಇರುವಾಗಲೇ ಒಂದು ಕಿವಿಯ, ಸಾಮಾನ್ಯವಾಗಿ ಎಡಗಿವಿಯ, ತುದಿಯನ್ನು ಸ್ವಲ್ಪ ನೇರವಾಗಿ ತೆಗೆಯುತ್ತಾರೆ. ಬೇಗ ಮಾಗುತ್ತದೆ. ಆ ಗುರುತು ಇಲ್ಲದಿದ್ದರೆ ಮುಂದಿನ ವರ್ಷ ಯಾರೋ ಅದೇ ಬೆಕ್ಕನ್ನು ಹಿಡಿದು ಮತ್ತೆ ಹೊಟ್ಟೆ ಕೊಯ್ಯಿಸುತ್ತಾರೆ. ಕ್ರೂರ ಅಂದರೆ ಅದು.

ಆಪರೇಷನ್ ಆದ ಮೇಲೆ ಯಾವಾಗ ಬಿಡುವುದು?

ಗಂಡಾದರೆ ಸಾಮಾನ್ಯವಾಗಿ ಮರುದಿನ. ಹೆಣ್ಣಾದರೆ ಕನಿಷ್ಠ ಎರಡು ಮೂರು ದಿನ, ಡಾಕ್ಟರು ಹೇಳಿದರೆ ಇನ್ನೂ ಜಾಸ್ತಿ. ಪೂರ್ತಿ ಎಚ್ಚರ ಆಗುವವರೆಗೆ ಊಟ, ನೀರು ಬೇಡ. ಬೆಚ್ಚಗಿರಲಿ, ತಣ್ಣನೆಯ ನೆಲದ ಮೇಲೆ ಬೋನು ಇಡಬೇಡಿ, ಕೆಳಗೆ ರಟ್ಟು, ನ್ಯೂಸ್‌ಪೇಪರ್ ಹಾಕಿ. ಗಾಯದಿಂದ ರಕ್ತ, ಊತ, ವಾಸನೆ, ಇಲ್ಲವೇ ಒಂದು ದಿನ ಕಳೆದರೂ ಊಟ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಬೋನು ಇಟ್ಟ ಜಾಗವನ್ನು ಫಿನೈಲ್ ಹಾಕಿ ಒರೆಸಬೇಡಿ, ಫಿನಾಲ್ ಇರುವ ಯಾವುದೂ ಬೆಕ್ಕಿಗೆ ವಿಷ. ಬಿಡುವುದು ಬೆಳಗಿನ ಜಾವ, ಹಿಡಿದ ಜಾಗದಲ್ಲೇ, ಬೋನಿನ ಬಾಗಿಲು ರಸ್ತೆ ಕಡೆ ಇರದ ಹಾಗೆ. ಬಿಟ್ಟ ಮೇಲೆ ಒಂದೆರಡು ದಿನ ಕಾಣಿಸದಿದ್ದರೆ ಗಾಬರಿ ಬೇಡ, ಊಟದ ಹೊತ್ತು ತಪ್ಪಿಸದೆ ಇಡುತ್ತಾ ಇರಿ.

ಮರಿಗಳು ಸಿಕ್ಕಿವೆ, ತಾಯಿ ಇಲ್ಲ. ಮನೆಗೆ ತಂದುಬಿಡಲಾ?

ನಿಲ್ಲಿ. ತಾಯಿ ಇಲ್ಲ ಅನ್ನುವುದು ಬಹಳ ಸಲ ನಿಜವಲ್ಲ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅಂತ ನಮ್ಮ ಹಿರಿಯರು ಹೇಳುವುದು ಸುಮ್ನೆ ಅಲ್ಲ. ಜಾಗ ಸುರಕ್ಷಿತ ಅನ್ನಿಸದಿದ್ದರೆ ತಾಯಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ. ನಿಮಗೆ ಸಿಕ್ಕಿದ್ದು ಅದು ಇನ್ನೇನು ಬಂದು ಒಯ್ಯಬೇಕಿದ್ದ ಮರಿ ಇರಬಹುದು. ಊಟ ಹುಡುಕಿ ಹೋದ ತಾಯಿ ಕೆಲವು ಗಂಟೆ ಬರದೇ ಇರುವುದೂ ಸಹಜ. ನೀವು ಪಕ್ಕದಲ್ಲೇ ನಿಂತಿದ್ದರಂತೂ ಬರುವುದೇ ಇಲ್ಲ.

ಮರಿಗಳ ಹೊಟ್ಟೆ ದುಂಡಗೆ ತುಂಬಿದ್ದು, ಮೈ ಬೆಚ್ಚಗಿದ್ದು, ಗುಂಪಾಗಿ ಮಲಗಿದ್ದರೆ ತಾಯಿ ಇದೆ ಅಂತಲೇ ಅರ್ಥ. ಅನುಮಾನ ಇದ್ದರೆ ಸುತ್ತ ತೆಳುವಾಗಿ ಅಕ್ಕಿ ಹಿಟ್ಟು ಉದುರಿಸಿ ದೂರ ಹೋಗಿ, ವಾಪಸ್ ಬಂದಾಗ ಹೆಜ್ಜೆ ಗುರುತು ನೋಡಿ. ಮಳೆ ನೀರು ನುಗ್ಗುವ ಜಾಗ, ನಾಯಿ ಹತ್ತಿರ ಇದೆ, ಮರಿ ತಣ್ಣಗಾಗಿದೆ, ಬಿಡದೆ ಅಳುತ್ತಿದೆ, ಮೈಮೇಲೆ ಇರುವೆ ಇದೆ ಅಂದರೆ ಮಾತ್ರ ಕಾಯಬೇಡಿ.

ತಂದ ಮೇಲೆ ಮೊದಲ ಕೆಲಸ ಹಾಲು ಕುಡಿಸುವುದಲ್ಲ, ಬೆಚ್ಚಗೆ ಮಾಡುವುದು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ತಣ್ಣಗಿರುವ ಮರಿಗೆ ಹಾಲು ಜೀರ್ಣವಾಗುವುದಿಲ್ಲ. ನಂದಿನಿ ಹಾಲು, ಹಸುವಿನ ಹಾಲು ಎರಡೂ ಬೇಡ, ಭೇದಿಯಾಗಿ ಮರಿ ಸಾಯುತ್ತದೆ. ಬೆಕ್ಕಿನ ಮರಿಗೆ ಅಂತಲೇ ಹಾಲಿನ ಪುಡಿ ಸಿಗುತ್ತದೆ. ಹೊಟ್ಟೆ ಅಡಿ ಮಾಡಿ ಮಲಗಿಸಿ ಕುಡಿಸಿ, ಮನುಷ್ಯರ ಮಗುವಿನ ಹಾಗೆ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮೂರು ನಾಲ್ಕು ವಾರದೊಳಗಿನ ಮರಿ ತಾನಾಗಿ ಮೂತ್ರ, ಮಲ ಮಾಡುವುದಿಲ್ಲ, ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಬೇಕು.

ಸಾಕುವವರಿಗೆ ಕೊಡುವ ಯೋಚನೆ ಇದ್ದರೆ ವಯಸ್ಸು ಮುಖ್ಯ. ಎರಡರಿಂದ ಏಳೆಂಟು ವಾರದೊಳಗೆ ಮನುಷ್ಯರ ಕೈಗೆ ಒಗ್ಗಿದ ಮರಿ ಮನೆ ಬೆಕ್ಕಾಗುತ್ತದೆ. ನಾಲ್ಕು ತಿಂಗಳು ದಾಟಿ, ಕಂಡರೆ ಬುಸ್ಸೆನ್ನುವ ಬೆಕ್ಕನ್ನು ಮನೆಯೊಳಗೆ ಕೂಡಿಹಾಕುವುದು ಅದಕ್ಕೆ ಉಪಕಾರವಲ್ಲ. ಆಪರೇಷನ್ ಮಾಡಿಸಿ ಬಿಡಿ.

ಏನು ಊಟ ಹಾಕಬೇಕು? ನಮ್ಮದು ಸಸ್ಯಾಹಾರಿ ಮನೆ, ಮೊಸರನ್ನ ಸಾಕಾ?

ಸಾಕಾಗುವುದಿಲ್ಲ. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಬೇಕೇ ಬೇಕು, ಅದು ಮಾಂಸ, ಮೀನಿನಲ್ಲಿ ಮಾತ್ರ ಸಾಕಷ್ಟು ಇರುತ್ತದೆ. ಕೊರತೆಯಾದರೆ ನಿಧಾನಕ್ಕೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಮನೆಯಲ್ಲಿ ಮಾಂಸ ಬೇಯಿಸಲು ಆಗದಿದ್ದರೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರ ಹಾಕಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಬಿರಿಯಾನಿ, ಒಗ್ಗರಣೆ ಅನ್ನ ಹಾಕಬೇಡಿ, ಅವು ಬೆಕ್ಕಿನ ರಕ್ತಕಣ ಒಡೆಯುತ್ತವೆ. ನೀರು ಯಾವಾಗಲೂ ಇರಲಿ.

ಕೆರೆ ದಂಡೆ, ಹಕ್ಕಿಗಳು ಗೂಡು ಕಟ್ಟುವ ಪಾರ್ಕುಗಳಲ್ಲಿ ಊಟ ಹಾಕಬೇಡಿ. ಬೆಕ್ಕು ಹೊಟ್ಟೆ ತುಂಬಿದ್ದರೂ ಬೇಟೆಯಾಡುತ್ತದೆ. ಹಕ್ಕಿ, ಅಳಿಲುಗಳಿಗೆ ಅದರಿಂದ ಆಗುವ ಹಾನಿ ನಿಜ, ಬೆಕ್ಕು ಪ್ರೀತಿಸುವವರು ಅದನ್ನು ಅಲ್ಲಗಳೆಯಬಾರದು. ಅಂಥ ಜಾಗದಲ್ಲಿ ಬೆಕ್ಕುಗಳಿದ್ದರೆ ಆಪರೇಷನ್ ಮೊದಲು ಅಲ್ಲೇ ಆಗಬೇಕು. ಊಟದ ಜಾಗವನ್ನೂ ಕ್ರಮೇಣ ಬೀದಿ ಕಡೆಗೆ ಸರಿಸಬೇಕು.

ಕಚ್ಚಿದರೆ, ಪರಚಿದರೆ?

ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ, ತಕ್ಷಣ ಆಸ್ಪತ್ರೆಗೆ ಹೋಗಿ. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ, ಬೆಕ್ಕಿನಿಂದಲೂ ಬರಬಹುದು. ಕಾಯಿಲೆ ಶುರುವಾದ ಮೇಲೆ ಉಳಿಯುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಸಿಗುತ್ತದೆ. ರಕ್ತ ಬಂದಿದ್ದರೆ ಲಸಿಕೆ ಜೊತೆ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ ಹಚ್ಚಿ ಕೂರಬೇಡಿ. ದಿನಾ ಬೆಕ್ಕು ಹಿಡಿಯುವವರು ಮುಂಚೆಯೇ ಲಸಿಕೆ ಹಾಕಿಸಿಕೊಂಡಿರುವುದು ಒಳ್ಳೆಯದು.

ಬಸುರಿ ಇದ್ದಾಳೆ, ಬೆಕ್ಕು ಬೇಡ ಅಂತ ತುಂಬಾ ಮನೆಗಳಲ್ಲಿ ಹೆದರುತ್ತಾರೆ. ಆ ಹೆದರಿಕೆಗೆ ಕಾರಣವಾದ ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣು ಬೆಕ್ಕಿನ ಮಲದಿಂದ ಬರುತ್ತದೆ, ಬೆಕ್ಕು ಅಂಗಳದಲ್ಲಿ ಓಡಾಡಿದ್ದರಿಂದಲ್ಲ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪಿನಿಂದಲೂ ಬರುತ್ತದೆ. ಬಸುರಿಯರು ಬೆಕ್ಕಿನ ಮಲ ತೆಗೆಯುವ, ಬರಿಗೈಯಲ್ಲಿ ಮಣ್ಣು ಕೆದಕುವ ಕೆಲಸ ಬಿಟ್ಟರೆ ಸಾಕು.

ಬೆಕ್ಕಿಗೆ ಜ್ವರ ಬಂದಿದೆ, ಅರ್ಧ ಡೋಲೋ ಕೊಡಲಾ?

ಬೇಡವೇ ಬೇಡ. ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ, ಕ್ರೋಸಿನ್ ಆಗಲಿ ಡೋಲೋ ಆಗಲಿ, ಒಂದು ಚೂರೂ ಕೂಡದು. ನಾಯಿಗೆ ಹಾಕುವ, ಪರ್ಮೆಥ್ರಿನ್ ಇರುವ ಉಣ್ಣೆ ಔಷಧಿಯೂ ವಿಷವೇ. ಮರಿಗಳು ಒಂದರ ಹಿಂದೆ ಒಂದು ವಾಂತಿ, ಭೇದಿಯಾಗಿ ಸಾಯುತ್ತಿದ್ದರೆ ಅದು ಪ್ಯಾನ್‌ಲ್ಯುಕೋಪೀನಿಯಾ ಅನ್ನುವ ವೈರಸ್ ಕಾಯಿಲೆ ಇರಬಹುದು. ಆ ವೈರಸ್ ಒಂದು ಜಾಗದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಲಸಿಕೆ ಆಗದ ಹೊಸ ಮರಿಯನ್ನು ಅಲ್ಲಿಗೆ ತರಬೇಡಿ.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರು ಊಟ ಹಾಕಬಾರದು ಅಂತಾರೆ. ಯಾರೋ ವಿಷ ಇಡುತ್ತೇನೆ ಅಂತಲೂ ಅಂದಿದ್ದಾರೆ.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬಹುಪಾಲು ನಾಯಿಗಳ ಬಗ್ಗೆ. ಆದರೆ 20ನೇ ನಿಯಮ ಸಮುದಾಯ ಪ್ರಾಣಿಗಳಿಗೆ, ಅಂದರೆ ಯಾರದೂ ಅಲ್ಲದ ಬೀದಿ ಪ್ರಾಣಿಗಳಿಗೆ, ಊಟ ಹಾಕುವ ಬಗ್ಗೆ ಇದೆ. ಅದಕ್ಕೆ ವ್ಯವಸ್ಥೆ ಮಾಡುವ ಜವಾಬ್ದಾರಿ ಅಸೋಸಿಯೇಷನ್ ಮೇಲೆಯೇ ಇದೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಓಡಾಡುವ ದಾರಿಯಿಂದ ದೂರ ಇರಬೇಕು, ಹಾಕುವವರು ಚೊಕ್ಕಟ ಮಾಡಬೇಕು ಅಂತಲೂ ಅದರಲ್ಲಿದೆ. ಪ್ರಾಣಿಗೆ ವಿಷ ಹಾಕಿ ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ. 1960ರ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಮೊದಲ ಸಲದ ದಂಡ ಇನ್ನೂ 10ರಿಂದ 50 ರೂಪಾಯಿ. ಆದ್ದರಿಂದ ದೂರು ಕೊಡುವಾಗ 325 ಸೇರಿಸಲು ಮರೆಯಬೇಡಿ. ಫೋಟೋ ತೆಗೆದಿಡಿ, ಮರಣೋತ್ತರ ಪರೀಕ್ಷೆ ಮಾಡಿಸಿ.

ಆದರೆ ಮೀಟಿಂಗಿಗೆ ಕಾನೂನಿನ ಹಾಳೆ ಹಿಡಿದು ಹೋಗುವುದಕ್ಕಿಂತ, ಇಷ್ಟು ಬೆಕ್ಕುಗಳಿವೆ, ಇಷ್ಟಕ್ಕೆ ಆಪರೇಷನ್ ಆಗಿದೆ, ಉಳಿದವಕ್ಕೆ ಈ ತಾರೀಖು ಅನ್ನುವ ಪಟ್ಟಿ ಹಿಡಿದು ಹೋಗಿ. ಎದುರಿನವರ ಸಿಟ್ಟಿಗೆ ಕಾರಣ ಇರುತ್ತದೆ, ಕೇಳಿಸಿಕೊಳ್ಳಿ.

ನನಗೆ ಬೆಕ್ಕು ಆಗಲ್ಲ. ಕಾರಿನ ಮೇಲೆ ಹೆಜ್ಜೆ, ಹೂಕುಂಡದಲ್ಲಿ ಗಲೀಜು. ಏನು ಮಾಡಲಿ?

ಕುಂಡದ ಮಣ್ಣಿನ ಮೇಲೆ ದಪ್ಪ ಜಲ್ಲಿಕಲ್ಲು ಇಲ್ಲವೇ ತೆಂಗಿನ ಚಿಪ್ಪು ಒತ್ತಾಗಿ ಹಾಸಿ, ಕೆದಕಲು ಆಗದಿದ್ದರೆ ಬೇರೆ ಜಾಗ ನೋಡಿಕೊಳ್ಳುತ್ತದೆ. ಊಟ ಹಾಕುವವರಿಗೆ ಒಂದು ಮೂಲೆಯಲ್ಲಿ ಮರಳು ಹಾಕಿಸಿ ದಿನಾ ತೆಗೆಯಲು ಹೇಳಿ. ಅದು ಅವರ ಕೆಲಸವೇ. ಕಾರಿಗೆ ಕವರ್ ಹಾಕಿ. ಮಳೆಗಾಲದಲ್ಲಿ, ಚಳಿಯಲ್ಲಿ ಮರಿಗಳು ಎಂಜಿನ್ ಪಕ್ಕ ಬೆಚ್ಚಗೆ ಮಲಗಿರುತ್ತವೆ, ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಮೇಲೆ ಎರಡು ಸಲ ತಟ್ಟಿ. ಬೆಕ್ಕು ಕಡಿಮೆಯಾಗಬೇಕು ಅನ್ನುವುದು ನಿಮ್ಮ ಆಸೆಯೂ ಹೌದು, ಊಟ ಹಾಕುವವರದ್ದೂ ಹೌದು. ಒಂದು ಆಪರೇಷನ್ ಖರ್ಚು ಕೊಟ್ಟರೆ ನಿಮ್ಮ ಕಷ್ಟವೇ ಮೊದಲು ಕಡಿಮೆಯಾಗುತ್ತದೆ.

ಮನೆ ಖಾಲಿ ಮಾಡುತ್ತಿದ್ದೇನೆ. ಇಷ್ಟು ದಿನ ನೋಡಿಕೊಂಡ ಬೆಕ್ಕುಗಳನ್ನು ಏನು ಮಾಡಲಿ?

ಬಾಡಿಗೆಗೆ ಇರುವವರೇ ಹೆಚ್ಚಾಗಿರುವ ಊರಿನಲ್ಲಿ ಇದು ಎಲ್ಲರಿಗೂ ಬರುವ ಕಷ್ಟ. ಕೈಗೆ ಸಿಗುವ, ಮಡಿಲಲ್ಲಿ ಕೂರುವ ಬೆಕ್ಕಾದರೆ ಜೊತೆಗೆ ಕರೆದುಕೊಂಡು ಹೋಗಿ, ಹೊಸ ಮನೆಯಲ್ಲಿ ಮೂರು ನಾಲ್ಕು ವಾರ ಹೊರಗೆ ಬಿಡಬೇಡಿ. ಉಳಿದವನ್ನು ಅಲ್ಲೇ ಬಿಡಬೇಕು. ಹೊರಡುವ ಒಂದು ತಿಂಗಳು ಮೊದಲೇ ಯಾರಾದರೊಬ್ಬರನ್ನು ಹುಡುಕಿ, ಪಕ್ಕದ ಮನೆಯವರಾಗಲಿ, ಇಸ್ತ್ರಿ ಅಂಗಡಿಯವರಾಗಲಿ, ವಾಚ್‌ಮನ್ ಆಗಲಿ, ಮೊದಲ ಎರಡು ವಾರ ಇಬ್ಬರೂ ಒಟ್ಟಿಗೆ ಊಟ ಹಾಕಿ. ಫೋಟೋಗಳು, ಯಾವುದಕ್ಕೆ ಯಾವಾಗ ಆಪರೇಷನ್, ಲಸಿಕೆ ಆಗಿದೆ ಅನ್ನುವ ಪಟ್ಟಿ, ಡಾಕ್ಟರ ನಂಬರ್, ನಿಮ್ಮ ಬೋನು ಎಲ್ಲವನ್ನೂ ಅವರಿಗೇ ಕೊಡಿ. ತಿಂಗಳಿಗೊಮ್ಮೆ ಊಟದ ಖರ್ಚಿಗೆ ಕೈಲಾದಷ್ಟು ಕಳಿಸಿ. ಆಪರೇಷನ್ ಆಗದ ಹೆಣ್ಣು ಒಂದೇ ಒಂದು ಉಳಿದಿದ್ದರೂ ಅದನ್ನು ಮುಗಿಸಿಯೇ ಹೊರಡಿ.